ಬೆಂಗಳೂರಿನಿಂದ ವಿದೇಶದಲ್ಲಿ ನವೋದ್ಯಮ ಕಂಪನಿ ನೋಂದಾಯಿಸುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅಮೆರಿಕದ ಡೆಲವೇರ್ ರಾಜ್ಯದಲ್ಲಾಗಲಿ ಸಿಂಗಪುರದಲ್ಲಾಗಲಿ ಕಂಪನಿಯೊಂದನ್ನು ನೋಂದಾಯಿಸಲು ಈಗ ವಿಮಾನ ಹತ್ತಬೇಕಿಲ್ಲ. ಎಚ್‌ಎಸ್‌ಆರ್ ಬಡಾವಣೆಯ ಕೋಣೆಯೊಂದರಲ್ಲಿ ಕುಳಿತು ಅರ್ಜಿ ತುಂಬಿ ಶುಲ್ಕ ಕಟ್ಟಿದರೆ ಕೆಲವೇ ದಿನಗಳಲ್ಲಿ ಪ್ರಮಾಣಪತ್ರ ಇಮೇಲ್‌ಗೆ ಬರುತ್ತದೆ. ಇದು ಇಷ್ಟು ಸುಲಭವಾಗಿರುವುದರಿಂದಲೇ ಬಹಳಷ್ಟು ಸಂಸ್ಥಾಪಕರು ಮೊದಲು ಅಲ್ಲಿ ಕಂಪನಿ ತೆರೆದು, ಇಲ್ಲಿಯ ಕಾನೂನನ್ನು ಆಮೇಲೆ ನೋಡಿಕೊಳ್ಳೋಣ ಎಂದು ಮುಂದೂಡುತ್ತಾರೆ. ಆದರೆ ಭಾರತದ ನಿವಾಸಿಯೊಬ್ಬರು ವಿದೇಶಿ ಕಂಪನಿಯ ಒಂದೇ ಒಂದು ಷೇರನ್ನು ಪಡೆದರೂ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ಅನ್ವಯವಾಗುತ್ತದೆ. ಅಲ್ಲಿಯ ನೋಂದಣಿ ಈ ಕೆಲಸದ ಸಣ್ಣ ಭಾಗ ಮಾತ್ರ. ದೊಡ್ಡ ಭಾಗ ಇಲ್ಲಿಯ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿದೆ, ಮತ್ತು ಅದು ಮೊದಲು ಆಗಬೇಕು. ಈ ಬರಹ ಅದೇ ಕ್ರಮದಲ್ಲಿ ಸಾಗುತ್ತದೆ.

ಹಂತ 1: ವಿದೇಶಿ ಕಂಪನಿ ನಿಜವಾಗಿಯೂ ಬೇಕೇ ಎಂದು ನಿರ್ಧರಿಸುವುದು

ಡಾಲರ್‌ನಲ್ಲಿ ಹಣ ಪಡೆಯಬೇಕು ಎಂಬುದೊಂದೇ ಕಾರಣವಾಗಿದ್ದರೆ ವಿದೇಶಿ ಕಂಪನಿ ಬೇಕಾಗಿಲ್ಲ. ಬೆಂಗಳೂರಿನ ಪ್ರೈವೇಟ್ ಲಿಮಿಟೆಡ್ ಕಂಪನಿಯೇ ವಿದೇಶಿ ಗ್ರಾಹಕರಿಗೆ ಸೇವೆ ರಫ್ತು ಮಾಡಿ, ಜಿಎಸ್‌ಟಿ ಅಡಿಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿ, ತೆರಿಗೆ ಕಟ್ಟದೆಯೇ ಬಿಲ್ ಮಾಡಬಹುದು. ವಿದೇಶಿ ಕಂಪನಿಗೆ ಬಲವಾದ ಕಾರಣಗಳು ಎರಡೇ ಎಂದು ನಾನು ಭಾವಿಸುತ್ತೇನೆ. ಒಂದು, ಡೆಲವೇರ್ ಅಥವಾ ಸಿಂಗಪುರದ ಕಂಪನಿಯಲ್ಲಿ ಮಾತ್ರ ಹಣ ಹೂಡುವುದಾಗಿ ಹೂಡಿಕೆದಾರರು ಲಿಖಿತವಾಗಿ ತಿಳಿಸಿರುವುದು. ಎರಡು, ನಿಮ್ಮ ದೊಡ್ಡ ಗ್ರಾಹಕರು ತಮ್ಮ ದೇಶದ ಕಂಪನಿಯೊಂದಿಗೇ ಒಪ್ಪಂದ ಮಾಡಿಕೊಳ್ಳಲು ಬಯಸುವುದು.

ಹೊರಗೆ ಹೋದವರು ಮರಳಿ ಬರುವಾಗ ಎಷ್ಟು ತೆರಬೇಕಾಗುತ್ತದೆ ಎಂಬುದನ್ನೂ ಈ ಹಂತದಲ್ಲೇ ಲೆಕ್ಕ ಹಾಕಬೇಕು. ಬೆಂಗಳೂರಿನ ಫೋನ್‌ಪೇ ತನ್ನ ಮೂಲ ಕಂಪನಿಯನ್ನು 2022ರಲ್ಲಿ ಸಿಂಗಪುರದಿಂದ ಭಾರತಕ್ಕೆ ವರ್ಗಾಯಿಸಿದಾಗ ಅದರ ಹೂಡಿಕೆದಾರರು ಸುಮಾರು 8,000 ಕೋಟಿ ರೂಪಾಯಿ ತೆರಿಗೆ ಕಟ್ಟಬೇಕಾಯಿತು. ಇಲ್ಲಿನದೇ ಆದ ಗ್ರೋ ಕೂಡ 2024ರಲ್ಲಿ ಡೆಲವೇರ್‌ನಿಂದ ಭಾರತಕ್ಕೆ ಮರಳಿತು. ವಿದೇಶಿ ಮಾತೃಸಂಸ್ಥೆಯು ತನ್ನ ಭಾರತೀಯ ಅಂಗಸಂಸ್ಥೆಯೊಳಗೆ ವಿಲೀನಗೊಳ್ಳುವ ತ್ವರಿತ ಮಾರ್ಗವನ್ನು ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ತೆರೆದಿದೆಯಾದರೂ, ಅದರಿಂದ ಸರಳವಾಗುವುದು ವಿಧಿವಿಧಾನವೇ ಹೊರತು ತೆರಿಗೆಯಲ್ಲ. ಷೇರಿಗೆ ನ್ಯಾಯಬೆಲೆಗಿಂತ ಹೆಚ್ಚಾಗಿ ಬಂದ ಹೂಡಿಕೆಯ ಮೇಲೆ ಬೀಳುತ್ತಿದ್ದ, ನವೋದ್ಯಮಗಳನ್ನು ಹೊರಕ್ಕೆ ತಳ್ಳುತ್ತಿದ್ದ ಏಂಜೆಲ್ ತೆರಿಗೆಯೂ 2024ರ ಬಜೆಟ್‌ನಲ್ಲಿ ರದ್ದಾಗಿದೆ. ನಿಮ್ಮ ಗ್ರಾಹಕರು ಭಾರತದಲ್ಲೇ ಇದ್ದು, ಮುಂದೆ ಮುಂಬೈ ಷೇರುಪೇಟೆಗೆ ಬರುವ ಆಸೆಯೂ ಇದ್ದರೆ ಇಲ್ಲಿಯೇ ಉಳಿಯುವುದು ಉತ್ತಮ.

ಹಂತ 2: ದೇಶದ ಆಯ್ಕೆ

ಅಮೆರಿಕದ ವೆಂಚರ್ ಬಂಡವಾಳ ಬೇಕಿದ್ದರೆ ಡೆಲವೇರ್ ಸಿ-ಕಾರ್ಪೊರೇಷನ್, ಅಂದರೆ ತನ್ನ ಲಾಭಕ್ಕೆ ತಾನೇ ತೆರಿಗೆ ಕಟ್ಟುವ ಕಂಪನಿ, ಸಹಜ ಆಯ್ಕೆ. ಅಲ್ಲಿ 1792ರಿಂದ ನಡೆದುಬಂದಿರುವ ಚಾನ್ಸರಿ ನ್ಯಾಯಾಲಯವು ಕಂಪನಿ ವ್ಯಾಜ್ಯಗಳನ್ನು ಜ್ಯೂರಿ ಇಲ್ಲದೆ, ನುರಿತ ನ್ಯಾಯಾಧೀಶರ ಮೂಲಕ ತೀರ್ಮಾನಿಸುತ್ತದೆ. ಆದ್ದರಿಂದ ಹೂಡಿಕೆದಾರರ ವಕೀಲರಿಗೆ ಅಲ್ಲಿಯ ಕಾನೂನು ಚೆನ್ನಾಗಿ ಪರಿಚಿತ. ಎಲ್‌ಎಲ್‌ಸಿ ಎಂಬ ಸರಳ ರಚನೆಯ ಕಂಪನಿ ಅಗ್ಗವೆಂದು ಅದರತ್ತ ಹೋಗಬೇಡಿ. ವೆಂಚರ್ ನಿಧಿಗಳು ಸಾಮಾನ್ಯವಾಗಿ ಅದರಲ್ಲಿ ಹೂಡುವುದಿಲ್ಲ. ಲಾಭದ ತೆರಿಗೆಯನ್ನು ಷೇರುದಾರರೇ ಕಟ್ಟುವ ಎಸ್-ಕಾರ್ಪೊರೇಷನ್‌ನಲ್ಲಿ ಅನಿವಾಸಿ ವಿದೇಶಿಯರು ಷೇರುದಾರರಾಗುವಂತೆಯೇ ಇಲ್ಲ.

ಆಗ್ನೇಯ ಏಷ್ಯಾದ ಮಾರುಕಟ್ಟೆಗೆ ಸಿಂಗಪುರ ಸೂಕ್ತ. ಅಲ್ಲಿಯ ಕಾರ್ಪೊರೇಟ್ ತೆರಿಗೆ ಶೇ 17. ಅರ್ಹ ಹೊಸ ಕಂಪನಿಗಳಿಗೆ ಮೊದಲ ಮೂರು ತೆರಿಗೆ ವರ್ಷಗಳಲ್ಲಿ ಮೊದಲ 1 ಲಕ್ಷ ಸಿಂಗಪುರ ಡಾಲರ್ ಆದಾಯದ ಶೇ 75ರಷ್ಟಕ್ಕೂ, ನಂತರದ 1 ಲಕ್ಷದ ಅರ್ಧದಷ್ಟಕ್ಕೂ ವಿನಾಯಿತಿ ಇದೆ. ಆದರೆ ಸಿಂಗಪುರದ ನಿವಾಸಿಯಾದ ಒಬ್ಬ ನಿರ್ದೇಶಕರು ಕಡ್ಡಾಯ. ಪರಿಚಿತರಿಲ್ಲದಿದ್ದರೆ ವರ್ಷವರ್ಷವೂ ಹಣ ಕೊಟ್ಟು ಹೆಸರಿಗಷ್ಟೇ ಇರುವ ನಾಮಿನಿ ನಿರ್ದೇಶಕರನ್ನು ಇಟ್ಟುಕೊಳ್ಳಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ಸ್ಥಳೀಯ ನಿರ್ದೇಶಕರ ಷರತ್ತಿಲ್ಲ. ಆದರೆ ನಿರ್ದೇಶಕರ ಮತ್ತು ಪ್ರಮುಖ ಷೇರುದಾರರ ಗುರುತಿನ ಪರಿಶೀಲನೆ 2025ರ ನವೆಂಬರ್‌ನಿಂದ ಕಡ್ಡಾಯವಾಗಿದೆ. ಎಸ್ಟೋನಿಯಾ 2014ರಿಂದ ವಿದೇಶಿಯರಿಗೆ ಇ-ರೆಸಿಡೆನ್ಸಿ ಎಂಬ ಡಿಜಿಟಲ್ ಗುರುತು ಕೊಡುತ್ತಿದ್ದು, ಅಲ್ಲಿ ಲಾಭವನ್ನು ಹಂಚಿದಾಗ ಮಾತ್ರ ಕಾರ್ಪೊರೇಟ್ ತೆರಿಗೆ ಬೀಳುತ್ತದೆ. ಯುಎಇಯಲ್ಲಿ 2023ರ ಜೂನ್‌ನಿಂದ 3,75,000 ದಿರ್ಹಮ್ ಮೀರಿದ ಲಾಭಕ್ಕೆ ಶೇ 9ರ ತೆರಿಗೆ ಬಂದಿರುವುದರಿಂದ, ದುಬೈ ಎಂದರೆ ತೆರಿಗೆಯೇ ಇಲ್ಲ ಎಂಬ ಹಳೆಯ ಮಾತನ್ನು ನಂಬಬಾರದು.

ಹಂತ 3: ಷೇರು ಯಾರ ಹೆಸರಿನಲ್ಲಿರಬೇಕು

ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಮುಖ್ಯವಾದ ನಿರ್ಧಾರ ಇದೇ. ವಿದೇಶಿ ನೋಂದಣಿ ಸೇವೆಗಳು ಇದರ ಬಗ್ಗೆ ನಿಮಗೆ ಏನನ್ನೂ ಹೇಳುವುದಿಲ್ಲ, ಏಕೆಂದರೆ ಇದು ಭಾರತದ ಕಾನೂನಿನ ವಿಷಯ.

2022ರ ಆಗಸ್ಟ್ 22ರಂದು ಜಾರಿಗೆ ಬಂದ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ, ಷೇರುಪೇಟೆಯಲ್ಲಿ ಪಟ್ಟಿಯಾಗದ ವಿದೇಶಿ ಕಂಪನಿಯ ಈಕ್ವಿಟಿಯನ್ನು ಕೊಳ್ಳುವುದು ಸಾಗರೋತ್ತರ ನೇರ ಹೂಡಿಕೆ, ಅಂದರೆ ಒಡಿಐ. ಅದು ಶೇ 1ರಷ್ಟಿದ್ದರೂ ಅಷ್ಟೇ, ಶೇ 100ರಷ್ಟಿದ್ದರೂ ಅಷ್ಟೇ. ಒಡಿಐ ಮಾಡಲು ನಿಮ್ಮ ಮುಂದೆ ಎರಡು ದಾರಿಗಳಿವೆ.

ಮೊದಲನೆಯದು, ಸಂಸ್ಥಾಪಕರು ವ್ಯಕ್ತಿಗಳಾಗಿಯೇ ಷೇರು ಪಡೆಯುವುದು. ಆಗ ಹಣವು ನಿವಾಸಿಗಳು ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ರೂಪಿಸಿರುವ ಎಲ್‌ಆರ್‌ಎಸ್ ಯೋಜನೆಯ ಮಿತಿಯೊಳಗೆ, ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಅಮೆರಿಕನ್ ಡಾಲರ್‌ಗಳ ಒಳಗೆ ಹೋಗಬೇಕು. ಮಗನ ವಿದೇಶಿ ವ್ಯಾಸಂಗಕ್ಕೆ ಕಳಿಸಿದ ಹಣವೂ, ವಿದೇಶ ಪ್ರವಾಸದ ಖರ್ಚಿಗೆ ಕೊಂಡ ವಿದೇಶಿ ಹಣವೂ ಅದೇ ಮಿತಿಯಲ್ಲಿ ಸೇರುತ್ತವೆ. ಇದಕ್ಕೆ ಗಂಭೀರವಾದ ಷರತ್ತೊಂದಿದೆ: ನಿವಾಸಿ ವ್ಯಕ್ತಿಯೊಬ್ಬರು ನಿಯಂತ್ರಣ ಹೊಂದಿರುವ ವಿದೇಶಿ ಕಂಪನಿಗೆ ಅಂಗಸಂಸ್ಥೆ ಇರುವಂತಿಲ್ಲ, ಮತ್ತು ಆ ಕಂಪನಿ ಹಣಕಾಸು ಸೇವೆಗಳಲ್ಲಿ ತೊಡಗಿರುವಂತಿಲ್ಲ. ನಿಯಂತ್ರಣ ಎಂದರೆ ಬಹುಪಾಲು ಷೇರು ಎಂದಷ್ಟೇ ಅಲ್ಲ. ನಿರ್ದೇಶಕರಲ್ಲಿ ಹೆಚ್ಚಿನವರನ್ನು ನೇಮಿಸುವ ಅಥವಾ ನೀತಿ ನಿರ್ಧಾರಗಳನ್ನು ಹಿಡಿತದಲ್ಲಿಡುವ ಹಕ್ಕು ಎಂದು ಹೇಳುವ ನಿಯಮವು ಶೇ 10ರಷ್ಟು ಅಥವಾ ಹೆಚ್ಚಿನ ಮತಾಧಿಕಾರವನ್ನು ಆ ವ್ಯಾಖ್ಯೆಯೊಳಗೆ ತರುತ್ತದೆ, ಒಟ್ಟುಗೂಡಿ ವರ್ತಿಸುವವರನ್ನೂ ಸೇರಿಸಿ ನೋಡುತ್ತದೆ.

ಇದರ ಪರಿಣಾಮ ದೊಡ್ಡದು. ಬೆಂಗಳೂರಿನ ಇಬ್ಬರು ಗೆಳೆಯರು ತಲಾ ಅರ್ಧ ಷೇರಿನಂತೆ ಡೆಲವೇರ್ ಕಂಪನಿ ತೆರೆದು, ಆ ಕಂಪನಿಯ ಅಂಗಸಂಸ್ಥೆಯಾಗಿ ಕೋರಮಂಗಲದಲ್ಲಿ ಪ್ರೈವೇಟ್ ಲಿಮಿಟೆಡ್ ಮಾಡಿ, ಎಂಜಿನಿಯರುಗಳನ್ನು ನೇಮಿಸಿಕೊಳ್ಳುವುದು ಎಲ್ಲರೂ ಚಿತ್ರ ಬರೆದು ತೋರಿಸುವ ರಚನೆ. ಆ ಇಬ್ಬರೂ ಭಾರತದ ನಿವಾಸಿಗಳಾಗಿದ್ದರೆ ಮೇಲಿನ ಷರತ್ತಿಗೆ ಅದು ನೇರವಾಗಿ ವಿರುದ್ಧವಾಗುತ್ತದೆ. ಇದಕ್ಕೆ ಬಳಕೆಯಲ್ಲಿರುವ ಪರಿಹಾರವೆಂದರೆ, ಬೆಂಗಳೂರಿನ ಕಂಪನಿಯನ್ನು ವಿದೇಶಿ ಕಂಪನಿಯ ಅಂಗಸಂಸ್ಥೆಯಾಗಿಸದೆ, ಸಂಸ್ಥಾಪಕರ ಒಡೆತನದಲ್ಲೇ ಪ್ರತ್ಯೇಕವಾಗಿ ಉಳಿಸಿಕೊಂಡು, ಎರಡರ ನಡುವೆ ಸೇವಾ ಒಪ್ಪಂದ ಮಾಡಿಕೊಳ್ಳುವುದು. ಸಂಸ್ಥಾಪಕರಲ್ಲಿ ಒಬ್ಬರು ಈಗಾಗಲೇ ಅನಿವಾಸಿಯಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ. ಏನೇ ಇರಲಿ, ಫೆಮಾ ಬಲ್ಲ ವಕೀಲರ ಲಿಖಿತ ಅಭಿಪ್ರಾಯವಿಲ್ಲದೆ ಇಲ್ಲಿಂದ ಮುಂದೆ ಹೆಜ್ಜೆ ಇಡಬೇಡಿ. ಈ ಇಡೀ ಕೆಲಸದಲ್ಲಿ ಹಣ ಉಳಿಸಬಾರದ ಜಾಗ ಒಂದಿದ್ದರೆ ಅದು ಇದೇ.

ಎರಡನೆಯ ದಾರಿಯಲ್ಲಿ ಬೆಂಗಳೂರಿನ ಕಂಪನಿಯೇ ಮಾತೃಸಂಸ್ಥೆ, ವಿದೇಶಿ ಕಂಪನಿ ಅದರ ಅಂಗಸಂಸ್ಥೆ. ವಿದೇಶದಲ್ಲಿ ಮಾರಾಟವಷ್ಟೇ ಉದ್ದೇಶವಾಗಿದ್ದರೆ ಇದು ಅತ್ಯಂತ ಶುದ್ಧವಾದ ರಚನೆ. ಇಲ್ಲಿಯ ಮಿತಿ ಭಾರತೀಯ ಕಂಪನಿಯ ನಿವ್ವಳ ಮೌಲ್ಯದ ಶೇ 400. ಅದನ್ನು 18 ತಿಂಗಳಿಗಿಂತ ಹಳೆಯದಲ್ಲದ, ಲೆಕ್ಕಪರಿಶೋಧನೆಯಾದ ಆಸ್ತಿ-ಹೊಣೆ ಪಟ್ಟಿಯಿಂದ ಲೆಕ್ಕ ಹಾಕುತ್ತಾರೆ. 1 ಲಕ್ಷ ರೂಪಾಯಿ ನಿವ್ವಳ ಮೌಲ್ಯದ ಕಂಪನಿ 4 ಲಕ್ಷಕ್ಕಿಂತ ಹೆಚ್ಚು ಹೂಡಲಾಗದು. ಆದ್ದರಿಂದ ಮೊದಲು ಇಲ್ಲಿ ಬಂಡವಾಳ ತುಂಬಿ, ಆ ವರ್ಷದ ಲೆಕ್ಕಪರಿಶೋಧನೆ ಮುಗಿಸಿ, ಆಮೇಲೆ ಹೊರಡಬೇಕು. ವಿದೇಶಿ ಕಂಪನಿ ಮುಂದೆ ಮತ್ತೆ ಭಾರತದಲ್ಲಿ ಹೂಡಿದರೆ ಒಟ್ಟು ರಚನೆಯಲ್ಲಿ ಎರಡಕ್ಕಿಂತ ಹೆಚ್ಚು ಪದರಗಳ ಅಂಗಸಂಸ್ಥೆಗಳು ಇರುವಂತಿಲ್ಲ ಎಂಬುದನ್ನೂ ಗಮನಿಸಿ.

ಯಾವ ದಾರಿಯಾದರೂ ವಿದೇಶಿ ಕಂಪನಿಯು ಜೂಜಿನಲ್ಲಾಗಲಿ, ಭೂಮಿ-ಕಟ್ಟಡಗಳ ಖರೀದಿ-ಮಾರಾಟದಲ್ಲಾಗಲಿ, ರೂಪಾಯಿಗೆ ತಳುಕು ಹಾಕಿದ ಹಣಕಾಸು ಉತ್ಪನ್ನಗಳಲ್ಲಾಗಲಿ ತೊಡಗುವಂತಿಲ್ಲ.

ಹಂತ 4: ಬೆಂಗಳೂರಿನ ಬ್ಯಾಂಕಿನಲ್ಲಿ ಮಾಡಬೇಕಾದದ್ದು

ವಿದೇಶಿ ವಿನಿಮಯ ನಡೆಸಲು ರಿಸರ್ವ್ ಬ್ಯಾಂಕಿನ ಅಧಿಕಾರ ಪಡೆದ ಬ್ಯಾಂಕುಗಳನ್ನು ಎಡಿ ಬ್ಯಾಂಕ್ ಎನ್ನುತ್ತಾರೆ. ಒಂದು ವಿದೇಶಿ ಕಂಪನಿಗೆ ಸಂಬಂಧಿಸಿದ ನಿಮ್ಮ ಎಲ್ಲ ವ್ಯವಹಾರವೂ ಒಂದೇ ನಿಗದಿತ ಎಡಿ ಬ್ಯಾಂಕಿನ ಮೂಲಕ ನಡೆಯಬೇಕಾದ್ದರಿಂದ ಬ್ಯಾಂಕನ್ನು ಯೋಚಿಸಿ ಆರಿಸಿಕೊಳ್ಳಿ. ಮನೆಯ ಹತ್ತಿರದ ಶಾಖೆಯ ಸಿಬ್ಬಂದಿಗೆ ಒಡಿಐ ಕಡತದ ಅನುಭವ ಇಲ್ಲದಿರುವುದೇ ಹೆಚ್ಚು. ಒಡಿಐ ಅರ್ಜಿಗಳನ್ನು ಯಾವ ಕಚೇರಿ ನಿರ್ವಹಿಸುತ್ತದೆ ಎಂದು ಕೇಳಿ, ಆ ವಿಭಾಗದ ಅಧಿಕಾರಿಯೊಂದಿಗೆ ನೇರವಾಗಿ ಮಾತನಾಡುವುದು ಒಳ್ಳೆಯದು.

ಬ್ಯಾಂಕಿಗೆ ಫಾರ್ಮ್ ಎಫ್‌ಸಿ ಸಲ್ಲಿಸಬೇಕು. ಅದರಲ್ಲಿ ವಿದೇಶಿ ಕಂಪನಿಯ ವಿವರ, ಹೂಡಿಕೆಯ ಮೊತ್ತ, ಷೇರಿನ ಪಾಲು, ಮೌಲ್ಯದ ಆಧಾರ ಇವೆಲ್ಲ ಇರುತ್ತವೆ. ಭಾರತೀಯ ಕಂಪನಿಯಾದರೆ ಆಡಳಿತ ಮಂಡಳಿಯ ನಿರ್ಣಯ ಮತ್ತು ಲೆಕ್ಕಪರಿಶೋಧಕರ ಪ್ರಮಾಣಪತ್ರವನ್ನೂ ಲಗತ್ತಿಸಬೇಕು. ಬ್ಯಾಂಕು ಅದನ್ನು ರಿಸರ್ವ್ ಬ್ಯಾಂಕಿನ ವ್ಯವಸ್ಥೆಯಲ್ಲಿ ದಾಖಲಿಸಿದಾಗ ಯುಐಎನ್ ಎಂಬ ವಿಶಿಷ್ಟ ಗುರುತಿನ ಸಂಖ್ಯೆ ದೊರೆಯುತ್ತದೆ. ವ್ಯಕ್ತಿಗಳು ಇದರ ಜೊತೆಗೆ ಎಲ್‌ಆರ್‌ಎಸ್‌ನ ಫಾರ್ಮ್ ಎ2 ಕೊಡಬೇಕು. ಪ್ಯಾನ್ ಕಡ್ಡಾಯ. ನಿಮ್ಮ ಯಾವುದಾದರೂ ಸಾಲದ ಖಾತೆ ವಸೂಲಾಗದ ಸಾಲವೆಂದು ವರ್ಗೀಕರಣಗೊಂಡಿದ್ದರೆ ಅಥವಾ ನಿಮ್ಮ ಮೇಲೆ ತನಿಖೆ ನಡೆಯುತ್ತಿದ್ದರೆ, ಸಾಲ ಕೊಟ್ಟ ಬ್ಯಾಂಕು ಅಥವಾ ತನಿಖಾ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಅರ್ಜಿ ಕೊಟ್ಟ 60 ದಿನಗಳಲ್ಲಿ ಉತ್ತರ ಬಾರದಿದ್ದರೆ ಆಕ್ಷೇಪಣೆ ಇಲ್ಲವೆಂದು ಭಾವಿಸಲು ನಿಯಮದಲ್ಲಿ ಅವಕಾಶವಿದೆ.

ಎಲ್‌ಆರ್‌ಎಸ್‌ನಲ್ಲಿ ಹೂಡಿಕೆಗೆ ಕಳಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದರೆ, ಮೀರಿದ ಭಾಗದ ಮೇಲೆ ಬ್ಯಾಂಕು ಶೇ 20ರಷ್ಟು ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಹಿಡಿಯುತ್ತದೆ. ಈ ಮಿತಿ 2025ರ ಏಪ್ರಿಲ್‌ವರೆಗೆ 7 ಲಕ್ಷವಿತ್ತು. ಅದು ಕಳೆದುಹೋಗುವ ಹಣವಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ಮರುಪಾವತಿ ಪಡೆಯಬಹುದು. ಆದರೆ ಅಷ್ಟು ತಿಂಗಳು ಅದು ಕೈಯಲ್ಲಿರುವುದಿಲ್ಲ ಎಂಬುದನ್ನು ನಿಮ್ಮ ಯೋಜನೆಯಲ್ಲಿ ಸೇರಿಸಿಕೊಳ್ಳಿ.

ಡೆಲವೇರ್ ಕಂಪನಿಯ ಸಂಸ್ಥಾಪಕರು ಷೇರಿಗೆ ಕೊಡುವ ಹಣ ಕೆಲವೊಮ್ಮೆ ಕೆಲವೇ ನೂರು ಡಾಲರ್ ಆಗಿರುತ್ತದೆ. ಮೊತ್ತ ಸಣ್ಣದೆಂದು ಅಮೆರಿಕದಲ್ಲಿರುವ ಬಂಧುವಿನಿಂದ ಕಟ್ಟಿಸಿಬಿಡುವ ಸಲಹೆ ಕೇಳಿಬಂದರೆ ದಯವಿಟ್ಟು ಒಪ್ಪಬೇಡಿ. ಹೂಡಿಕೆದಾರರ ವಕೀಲರು ಮುಂದೊಂದು ದಿನ ಮೊದಲ ಷೇರಿನ ಹಣ ಯಾವ ಖಾತೆಯಿಂದ ಹೋಯಿತೆಂದು ಕೇಳಿಯೇ ಕೇಳುತ್ತಾರೆ, ಮತ್ತು ಆಗ ತಡವಾಗಿ ವರದಿ ಮಾಡಿ, ಶುಲ್ಕ ಕಟ್ಟಿ ಸರಿಪಡಿಸುವುದು ಆ ಮೊತ್ತದ ಹಲವು ಪಟ್ಟು ದುಬಾರಿಯಾಗುತ್ತದೆ.

ಹಂತ 5: ಅಲ್ಲಿಯ ನೋಂದಣಿ

ಡೆಲವೇರ್‌ನಲ್ಲಿ ಮೊದಲು ರಿಜಿಸ್ಟರ್ಡ್ ಏಜೆಂಟ್ ಒಬ್ಬರನ್ನು ನೇಮಿಸಬೇಕು. ಸರ್ಕಾರದ ಮತ್ತು ನ್ಯಾಯಾಲಯದ ಪತ್ರಗಳನ್ನು ಆ ರಾಜ್ಯದ ವಿಳಾಸದಲ್ಲಿ ಸ್ವೀಕರಿಸುವುದು ಅವರ ಕೆಲಸ. ನಂತರ ಕಂಪನಿಯ ಹೆಸರು, ಏಜೆಂಟರ ವಿಳಾಸ, ಉದ್ದೇಶ, ಅಧಿಕೃತ ಷೇರುಗಳ ಸಂಖ್ಯೆ ಮತ್ತು ಮುಖಬೆಲೆಯನ್ನು ಒಳಗೊಂಡ ಸ್ಥಾಪನಾ ಪತ್ರವನ್ನು ರಾಜ್ಯದ ಕಾರ್ಪೊರೇಷನ್ ವಿಭಾಗಕ್ಕೆ ಸಲ್ಲಿಸಬೇಕು. ಒಬ್ಬರೇ ನಿರ್ದೇಶಕರಿದ್ದರೂ ಸಾಕು, ಅವರು ಬೆಂಗಳೂರಿನಲ್ಲೇ ಇರಬಹುದು. ಇಡೀ ಕೆಲಸವನ್ನು ಮಾಡಿಕೊಡುವ ಸ್ಟ್ರೈಪ್ ಅಟ್ಲಾಸ್‌ನಂತಹ ಸೇವೆಗಳಿವೆ. ಸಾಮಾನ್ಯವಾಗಿ 1 ಕೋಟಿ ಅಧಿಕೃತ ಷೇರುಗಳನ್ನು ಅತಿ ಸಣ್ಣ ಮುಖಬೆಲೆಯಲ್ಲಿ ಇಡುತ್ತಾರೆ.

ಪ್ರಮಾಣಪತ್ರ ಬಂದ ಮೇಲೆ ಕಂಪನಿಯ ಒಳನಿಯಮಗಳನ್ನು ಅಂಗೀಕರಿಸುವುದು, ನಿರ್ದೇಶಕರ ನೇಮಕ, ಷೇರು ವಿತರಣೆಯ ನಿರ್ಣಯ ಮತ್ತು ಸಂಸ್ಥಾಪಕರ ಷೇರು ಖರೀದಿ ಒಪ್ಪಂದಗಳು ಆಗಬೇಕು. ಷೇರುಗಳು ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಕೈಸೇರುವ ವೆಸ್ಟಿಂಗ್ ಷರತ್ತಿದ್ದರೆ, ಷೇರಿನ ತೆರಿಗೆಯನ್ನು ಈಗಿನ ಮೌಲ್ಯದಲ್ಲೇ ಲೆಕ್ಕ ಹಾಕಿಸಿಕೊಳ್ಳುವ, ಅಮೆರಿಕದ ತೆರಿಗೆ ಸಂಹಿತೆಯ 83(ಬಿ) ಆಯ್ಕೆಯ ಪತ್ರವನ್ನು ಷೇರು ದೊರೆತ 30 ದಿನಗಳೊಳಗೆ ಅಲ್ಲಿಯ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಕಳಿಸಬೇಕು. ಈ ಗಡುವಿಗೆ ವಿಸ್ತರಣೆ ಇಲ್ಲ. ನೀವು ಈಗ ಬೆಂಗಳೂರಿನಲ್ಲಿದ್ದರೂ ಮುಂದೆ ಅಮೆರಿಕಕ್ಕೆ ವಾಸ ಬದಲಿಸುವ ಸಾಧ್ಯತೆ ಇದ್ದರೆ ಇದನ್ನು ಬಿಡಬೇಡಿ. ಹಾಗೆಂದು ಕಂಪನಿಯ ಒಡೆತನದಿಂದಲೇ ಅಮೆರಿಕದಲ್ಲಿ ಕೆಲಸ ಮಾಡುವ ಹಕ್ಕು ಬರುವುದಿಲ್ಲ, ಅದಕ್ಕೆ ತಕ್ಕ ವೀಸಾವನ್ನು ಪ್ರತ್ಯೇಕವಾಗಿ ಪಡೆಯಬೇಕು.

ಮುಂದಿನದು ಇಐಎನ್, ಅಂದರೆ ಕಂಪನಿಯ ತೆರಿಗೆ ಸಂಖ್ಯೆ. ಅಮೆರಿಕದ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಇಲ್ಲದವರು ಅಂತರಜಾಲದಲ್ಲಿ ಅರ್ಜಿ ಹಾಕಲಾಗದು. ಎಸ್‌ಎಸ್-4 ಫಾರ್ಮ್ ತುಂಬಿ ಫ್ಯಾಕ್ಸ್ ಅಥವಾ ಅಂಚೆಯಲ್ಲಿ ಕಳಿಸಬೇಕು, ಇಲ್ಲವೇ ಅಂತರರಾಷ್ಟ್ರೀಯ ಅರ್ಜಿದಾರರ ದೂರವಾಣಿಗೆ ಕರೆ ಮಾಡಬೇಕು. ಇಐಎನ್ ಇಲ್ಲದೆ ಸಾಮಾನ್ಯವಾಗಿ ಬ್ಯಾಂಕ್ ಖಾತೆ ತೆರೆಯುವುದಿಲ್ಲ. ಖಾತೆ ತೆರೆಯಲು ಪಾಸ್‌ಪೋರ್ಟ್, ಸ್ಥಾಪನಾ ಪತ್ರ, ಇಐಎನ್ ಪತ್ರ ಮತ್ತು ವ್ಯಾಪಾರದ ವಿವರಣೆ ಬೇಕಾಗುತ್ತವೆ. ಏಜೆಂಟರ ವಿಳಾಸವನ್ನೇ ವ್ಯಾಪಾರದ ವಿಳಾಸವೆಂದು ಕೊಟ್ಟರೆ ಅರ್ಜಿ ತಿರಸ್ಕಾರವಾಗುವ ಸಂಭವವಿದೆ, ಹಾಗಾಗಿ ನಿಮ್ಮ ನಿಜವಾದ ಬೆಂಗಳೂರಿನ ವಿಳಾಸವನ್ನು ಮುಚ್ಚಿಡಬೇಡಿ. ಷೇರಿನ ಹಣವನ್ನು ಎಡಿ ಬ್ಯಾಂಕಿನಿಂದ ಈ ಖಾತೆಗೇ ಕಳಿಸಬೇಕು. ಷೇರು ಪ್ರಮಾಣಪತ್ರ ಅಥವಾ ಹೂಡಿಕೆಯ ಪುರಾವೆಯನ್ನು ಆರು ತಿಂಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು.

ಸಿಂಗಪುರದಲ್ಲಿ ಹೆಸರಿಗೆ 15 ಸಿಂಗಪುರ ಡಾಲರ್, ನೋಂದಣಿಗೆ 300 ಸಿಂಗಪುರ ಡಾಲರ್ ಸರ್ಕಾರಿ ಶುಲ್ಕ. ವಿದೇಶದಲ್ಲಿರುವವರು ಅಲ್ಲಿಯ ಕಂಪನಿ ನೋಂದಣಿ ಪ್ರಾಧಿಕಾರವಾದ ಅಕ್ರಾ ಸಂಸ್ಥೆಯ ಬಿಝ್‌ಫೈಲ್ ತಾಣದಲ್ಲಿ ನೋಂದಾಯಿತ ಏಜೆಂಟರ ಮೂಲಕವೇ ಅರ್ಜಿ ಹಾಕಬೇಕು. 1 ಡಾಲರ್ ಬಂಡವಾಳವೂ ಸಾಕು. ಕಂಪನಿ ಸೆಕ್ರೆಟರಿಯನ್ನು ಆರು ತಿಂಗಳೊಳಗೆ ನೇಮಿಸಬೇಕು, ಮತ್ತು ಒಬ್ಬರೇ ನಿರ್ದೇಶಕರಿರುವಲ್ಲಿ ಅವರೇ ಸೆಕ್ರೆಟರಿಯಾಗುವಂತಿಲ್ಲ.

ಹಂತ 6: ಬೆಂಗಳೂರಿನ ತಂಡಕ್ಕೂ ವಿದೇಶಿ ಕಂಪನಿಗೂ ಕಾನೂನಿನ ನಂಟು

ಕೋಡ್ ಬರೆಯುವವರು ಬೆಂಗಳೂರಿನಲ್ಲಿ, ಗ್ರಾಹಕರ ಹಣ ಅಮೆರಿಕದಲ್ಲಿ ಎಂಬ ಸ್ಥಿತಿಯಲ್ಲಿ ಎರಡೂ ಕಂಪನಿಗಳ ನಡುವೆ ಲಿಖಿತ ಸೇವಾ ಒಪ್ಪಂದ ಇರಲೇಬೇಕು. ಬೆಂಗಳೂರಿನ ಕಂಪನಿ ತನ್ನ ವೆಚ್ಚದ ಮೇಲೆ ನ್ಯಾಯಯುತ ಲಾಭಾಂಶ ಸೇರಿಸಿ ಬಿಲ್ ಮಾಡಬೇಕು. ಸಂಬಂಧಿತ ಕಂಪನಿಗಳ ನಡುವಿನ ಈ ದರ ಮಾರುಕಟ್ಟೆಯ ದರಕ್ಕೆ ಸಮನಾಗಿದೆಯೆಂದು ತೋರಿಸುವ ಟ್ರಾನ್ಸ್‌ಫರ್ ಪ್ರೈಸಿಂಗ್ ವರದಿಯನ್ನು ಪ್ರತಿ ವರ್ಷ ಸಿಎ ಒಬ್ಬರಿಂದ ಮಾಡಿಸಬೇಕು. ಬೌದ್ಧಿಕ ಆಸ್ತಿ ಯಾವ ಕಂಪನಿಯದು ಎಂಬುದೂ ಅದೇ ಒಪ್ಪಂದದಲ್ಲಿ ಸ್ಪಷ್ಟವಿರಬೇಕು. ಮೊದಲೇ ಇಲ್ಲಿ ತಯಾರಾದ ತಂತ್ರಾಂಶವನ್ನು ಬೆಲೆ ಕಟ್ಟದೆ ಹೊರಗೆ ವರ್ಗಾಯಿಸಿದರೆ ತೆರಿಗೆಯ ಪ್ರಶ್ನೆ ಏಳುತ್ತದೆ.

ವಿದೇಶಿ ಕಂಪನಿಯ ಮುಖ್ಯ ನಿರ್ಧಾರಗಳೆಲ್ಲ ಬೆಂಗಳೂರಿನಲ್ಲೇ ಆದರೆ, ಪೋಯೆಮ್ ಎಂದು ಕರೆಯುವ ಪರಿಣಾಮಕಾರಿ ಆಡಳಿತ ಸ್ಥಳದ ನಿಯಮದಡಿ ಆ ಕಂಪನಿಯನ್ನೇ ಭಾರತದ ತೆರಿಗೆ ನಿವಾಸಿ ಎಂದು ಪರಿಗಣಿಸಬಹುದು. ವಾರ್ಷಿಕ ವಹಿವಾಟು 50 ಕೋಟಿ ರೂಪಾಯಿ ಮೀರದ ಕಂಪನಿಗಳಿಗೆ ಇದು ಅನ್ವಯಿಸದೆಂದು 2017ರ ಸುತ್ತೋಲೆ ಹೇಳುತ್ತದೆ. ಆದರೆ ಇಲ್ಲಿ ಕುಳಿತು ಅದರ ಪರವಾಗಿ ಒಪ್ಪಂದಗಳಿಗೆ ಸಹಿ ಹಾಕುತ್ತಿದ್ದರೆ ಖಾಯಂ ಸಂಸ್ಥಾಪನೆಯ, ಅಂದರೆ ಇಲ್ಲಿ ತೆರಿಗೆ ಬೀಳುವಂತಹ ವ್ಯಾಪಾರ ನೆಲೆ ಅದಕ್ಕಿದೆಯೇ ಎಂಬ, ಪ್ರಶ್ನೆ ಪ್ರತ್ಯೇಕವಾಗಿ ಉಳಿಯುತ್ತದೆ.

ವಿದೇಶಿ ಕಂಪನಿ ಕಾನೂನಿಗೆ ಒಳಪಟ್ಟೇ ಬೆಂಗಳೂರಿನಲ್ಲಿ ಅಂಗಸಂಸ್ಥೆ ತೆರೆಯುವ ಸಂದರ್ಭದಲ್ಲಿ ಅದರ ದಾಖಲೆಗಳಿಗೆ ಅವು ಅಸಲಿಯೆಂದು ದೃಢೀಕರಿಸುವ, ಅಲ್ಲಿಯ ಅಪಾಸ್ಟಿಲ್ ಮುದ್ರೆ ಬೇಕು. ಇಲ್ಲಿಯ ನಿರ್ದೇಶಕರಲ್ಲಿ ಒಬ್ಬರಾದರೂ ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದವರಾಗಿರಬೇಕು. ವಿದೇಶದಿಂದ ಬಂದ ಬಂಡವಾಳಕ್ಕೆ 60 ದಿನಗಳೊಳಗೆ ಷೇರು ಹಂಚಿ, ಹಂಚಿದ 30 ದಿನಗಳೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ಎಂಬ ವರದಿ ಸಲ್ಲಿಸಬೇಕು.

ಹಂತ 7: ಪ್ರತಿ ವರ್ಷದ ಗಡುವುಗಳು

ಡೆಲವೇರ್‌ನಲ್ಲಿ ಕಂಪನಿ ನೋಂದಾಯಿತವಾಗಿರುವುದಕ್ಕೇ ಕಟ್ಟುವ ಫ್ರಾಂಚೈಸ್ ತೆರಿಗೆಗೆ ಮಾರ್ಚ್ 1 ಕೊನೆಯ ದಿನ. 1 ಕೋಟಿ ಅಧಿಕೃತ ಷೇರುಗಳಿರುವ ಕಂಪನಿಗೆ 85,165 ಡಾಲರ್ ಎಂದು ಬರುವ ನೋಟಿಸ್ ಕಂಡು ಗಾಬರಿಯಾಗಬೇಡಿ. ಅದು ಷೇರುಗಳ ಸಂಖ್ಯೆಯಿಂದ ಹಾಕಿದ ಲೆಕ್ಕ. ಮುಖಬೆಲೆ ಬಂಡವಾಳ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಿದರೆ ಸಣ್ಣ ಕಂಪನಿಗೆ ಕನಿಷ್ಠ 400 ಡಾಲರ್ ತೆರಿಗೆ ಮತ್ತು 50 ಡಾಲರ್ ವರದಿ ಶುಲ್ಕ ಮಾತ್ರ ಬರುತ್ತದೆ, ಮತ್ತು ಈ ಎರಡು ಲೆಕ್ಕಗಳಲ್ಲಿ ಕಡಿಮೆಯದನ್ನು ಕಟ್ಟಲು ಕಾನೂನೇ ಅವಕಾಶ ಕೊಟ್ಟಿದೆ.

ಕ್ಯಾಲೆಂಡರ್ ವರ್ಷ ಪಾಲಿಸುವ ಕಂಪನಿ ಏಪ್ರಿಲ್ 15ರೊಳಗೆ ಆದಾಯ ತೆರಿಗೆ ರಿಟರ್ನ್ಸ್ ಆದ ಫಾರ್ಮ್ 1120 ಸಲ್ಲಿಸಬೇಕು. ಫೆಡರಲ್ ತೆರಿಗೆ ದರ ಶೇ 21. ವಿದೇಶಿಯರೊಬ್ಬರ ಪಾಲು ಶೇ 25 ಅಥವಾ ಹೆಚ್ಚಿದ್ದು, ಅವರೊಂದಿಗೆ ಅಥವಾ ಸಂಬಂಧಿತ ಕಂಪನಿಯೊಂದಿಗೆ ವ್ಯವಹಾರ ನಡೆದಿದ್ದರೆ ಫಾರ್ಮ್ 5472 ಕೂಡ ಬೇಕು. ಅದನ್ನು ಸಲ್ಲಿಸದಿದ್ದರೆ 25,000 ಡಾಲರ್ ದಂಡವಿದ್ದು, ಆದಾಯವೇ ಇಲ್ಲ ಎಂಬುದು ಅದರಿಂದ ಪಾರಾಗುವ ಕಾರಣವಾಗುವುದಿಲ್ಲ.

ಭಾರತದಲ್ಲಿ, ವಿದೇಶಿ ಕಂಪನಿಯ ವಾರ್ಷಿಕ ಕಾರ್ಯನಿರ್ವಹಣಾ ವರದಿಯನ್ನು, ಅಂದರೆ ಎಪಿಆರ್ ಅನ್ನು, ಡಿಸೆಂಬರ್ 31ರೊಳಗೆ ಎಡಿ ಬ್ಯಾಂಕಿಗೆ ಕೊಡಬೇಕು. ನಿಯಂತ್ರಣವಿಲ್ಲದೆ ಶೇ 10ಕ್ಕಿಂತ ಕಡಿಮೆ ಈಕ್ವಿಟಿಯನ್ನಷ್ಟೇ ಹೊಂದಿರುವವರಿಗೆ ಇದರಿಂದ ವಿನಾಯಿತಿ ಇದೆ. ಭಾರತೀಯ ಕಂಪನಿಗಳು ಜುಲೈ 15ರೊಳಗೆ ತಮ್ಮ ವಿದೇಶಿ ಆಸ್ತಿ-ಹೊಣೆಗಳ ಎಫ್ಎಲ್‌ಎ ವಿವರಪತ್ರವನ್ನೂ ಸಲ್ಲಿಸಬೇಕು. ವ್ಯಕ್ತಿಗಳು ಆದಾಯ ತೆರಿಗೆ ರಿಟರ್ನ್ಸ್‌ನ ವಿದೇಶಿ ಆಸ್ತಿಗಳ ಷೆಡ್ಯೂಲ್ ಎಫ್‌ಎ ಭಾಗದಲ್ಲಿ ಷೇರುಗಳನ್ನೂ, ತಮಗೆ ಸಹಿ ಅಧಿಕಾರವಿರುವ ವಿದೇಶಿ ಬ್ಯಾಂಕ್ ಖಾತೆಯನ್ನೂ ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ ಬೀಳಬಹುದಾದ 10 ಲಕ್ಷ ರೂಪಾಯಿ ದಂಡವು, ಸ್ಥಿರಾಸ್ತಿ ಬಿಟ್ಟು ಒಟ್ಟು ಮೌಲ್ಯ 20 ಲಕ್ಷ ಮೀರದವರಿಗೆ 2024ರ ಅಕ್ಟೋಬರ್‌ನಿಂದ ಇಲ್ಲವಾಗಿದೆ. ದಂಡ ಹೋದರೂ ಘೋಷಿಸುವ ಹೊಣೆ ಉಳಿದೇ ಇದೆ.

ಕಂಪನಿ ಮುಚ್ಚಬೇಕಾಗಿ ಬಂದರೆ

ಕೆಲಸ ನಿಂತ ಕಂಪನಿಯನ್ನು ಹಾಗೆಯೇ ಬಿಟ್ಟರೆ ಡೆಲವೇರ್ ತೆರಿಗೆ ಮತ್ತು ಬಡ್ಡಿ ಬೆಳೆಯುತ್ತಲೇ ಹೋಗುತ್ತವೆ. ಬಾಕಿ ಫ್ರಾಂಚೈಸ್ ತೆರಿಗೆ ಕಟ್ಟಿ, ವಿಸರ್ಜನಾ ಪತ್ರ ಸಲ್ಲಿಸಿ, ಐಆರ್‌ಎಸ್‌ಗೆ ಅಂತಿಮ ರಿಟರ್ನ್ಸ್ ಕೊಡಬೇಕು. ಉಳಿದ ಹಣ ಕೈಗೆ ಬರಬೇಕಾದ ದಿನದಿಂದ 90 ದಿನಗಳೊಳಗೆ ಅದನ್ನು ಭಾರತಕ್ಕೆ ತರಿಸಿಕೊಳ್ಳಬೇಕು. ಹೂಡಿಕೆ ಹಿಂತೆಗೆತದ ವರದಿಯನ್ನು, ಹಣ ಬಂದ 30 ದಿನಗಳೊಳಗೆ, ಯುಐಎನ್ ಪಡೆದ ಅದೇ ಎಡಿ ಬ್ಯಾಂಕಿಗೆ ಸಲ್ಲಿಸಬೇಕು.